ನೀಲಿ ಸೀಸೆಯ ನೀರು

ಫೆಬ್ರವರಿ 12

ಪ್ರಿಯ ತಂಗಿಗೆ,

ವಾಸ್ತವಾಂಶಗಳು ಹೀಗಿವೆ.

1. ಕಳೆದ ಭಾನುವಾರ ಬೆಳಿಗ್ಗೆ ನಿಮ್ಮ ವಾಹಿನಿಯ ‘ಮದ್ದಿನ ಮನೆ’ ಕಾರ್ಯಕ್ರಮದಲ್ಲಿ, ತಮ್ಮನ್ನು ಸೂರ್ಯವೈದ್ಯ ಎಂದು ಕರೆದುಕೊಳ್ಳುವ ವ್ಯಕ್ತಿಯೊಬ್ಬರು, ನೀಲಿ ಗಾಜಿನ ಸೀಸೆಯಲ್ಲಿ ತುಂಬಿ ಬಿಸಿಲಿಗಿಟ್ಟ ನೀರಿನಿಂದ ದಿನವೂ ಕಣ್ಣು ತೊಳೆದುಕೊಂಡರೆ ಕಣ್ಣಿಗೆ ಬೇರೆ ಯಾವ ಔಷಧವೂ ಬೇಕಾಗುವುದಿಲ್ಲ ಎಂದು ಹೇಳಿದರು.

2. ಆ ಕಾರ್ಯಕ್ರಮದ ನಿರ್ಮಾಪಕಿ ನೀನು.

3. ನೀಲಿ ಗಾಜಿನ ಮೂಲಕ ಹಾದ ಬಿಸಿಲು ನೀರನ್ನು ಬೆಚ್ಚಗಾಗಿಸುತ್ತದೆ. ಕಣ್ಣನ್ನು ಗುಣಪಡಿಸುವ ಯಾವ ಶಕ್ತಿಯನ್ನೂ ಅದಕ್ಕೆ ಕೊಡುವುದಿಲ್ಲ. ನಗರದ ನೀರು ಸರಬರಾಜು ಪ್ರಯೋಗಾಲಯದಲ್ಲಿ ಇಷ್ಟು ವರ್ಷ ನೀರನ್ನೇ ಪರೀಕ್ಷಿಸಿಕೊಂಡು ಬಂದವನಾಗಿ, ಕನಿಷ್ಠ ನೀರಿನ ಮಟ್ಟಿಗೆ ಇದನ್ನು ಹೇಳುವ ಅರ್ಹತೆ ನನಗಿದೆ.

4. ನಮ್ಮ ಅಕ್ಕನಿಗೆ ಗ್ಲಾಕೋಮಾ ಇದೆ. ಕಣ್ಣಿನೊಳಗಿನ ಒತ್ತಡ ಏರಿ, ನೋವಿಲ್ಲದೆ, ಅಂಚಿನಿಂದ ಒಳಕ್ಕೆ ದೃಷ್ಟಿಯನ್ನು ತಿನ್ನುತ್ತಾ ಬರುವ ಕಾಯಿಲೆ ಅದು. ಬೆಳಿಗ್ಗೆ ಸಂಜೆ ಹಾಕಿಕೊಳ್ಳುವ ಹನಿಗಳಿಂದ ಅದು ಇದ್ದಲ್ಲೇ ನಿಂತಿದೆ. ಒಮ್ಮೆ ಹೋದ ದೃಷ್ಟಿ ಮರಳುವುದಿಲ್ಲ.

5. ಬೇಕರಿಯ ಬ್ರೆಡ್ ವ್ಯಾನನ್ನು ಓಡಿಸಿ ಅಕ್ಕ ಜೀವನ ನಡೆಸುತ್ತಿದ್ದಾಳೆ.

6. ಅಕ್ಕ ನಿನ್ನ ಕಾರ್ಯಕ್ರಮವನ್ನು ಒಂದು ವಾರವೂ ತಪ್ಪಿಸುವುದಿಲ್ಲ. ಅದಕ್ಕೆ ಕಾರಣ ಸೂರ್ಯವೈದ್ಯರಲ್ಲ, ನೀನು.

ಇವುಗಳ ಮೇಲೆ ನಾನು ಅಭಿಪ್ರಾಯ ಹೇಳುತ್ತಿಲ್ಲ. ಮುಂದಿನ ಭಾನುವಾರ ಒಂದು ತಿದ್ದುಪಡಿ ಪ್ರಸಾರವಾಗಬೇಕೆಂದು ಕೋರುತ್ತೇನೆ. ಅದರ ವಾಕ್ಯಗಳನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಅಕ್ಕನ ಮನೆ ನಿನ್ನ ಮನೆಯಿಂದ ಎರಡು ಬೀದಿ ಆಚೆ ಇದೆ. ನಾನು ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ಬರಬೇಕು. ಆದುದರಿಂದ ಅವಳನ್ನು ಗಮನಿಸುವ ಕೆಲಸ ನಿನ್ನದು.

ಇತಿ,
ನಿನ್ನ ಅಣ್ಣ

*

ಫೆಬ್ರವರಿ 21

ಅಣ್ಣಾ,

ನಿನ್ನ ಪತ್ರ ಬಂತು. ಲಕೋಟೆ ನೋಡಿ ನಮ್ಮ ಮನೆಯವರು "ಯಾವ ಆಫೀಸಿಂದ ನೋಟೀಸು?" ಅಂದ್ರು. ತಂಗಿಗೆ ಬರೆಯೋ ಪತ್ರದಲ್ಲಿ "ಲಗತ್ತಿಸಿದ್ದೇನೆ" ಅಂತ ಬರೆಯೋ ಅಣ್ಣ ಲೋಕದಲ್ಲಿ ನೀನೊಬ್ಬನೇ ಇರಬೇಕು. ಫೋನ್ ಮಾಡೋಕೆ ಏನಪ್ಪಾ ಕಷ್ಟ? ಗೊತ್ತು ಬಿಡು. ಫೋನಲ್ಲಾದ್ರೆ ನಾನು ಮಧ್ಯೆ ಬಾಯಿ ಹಾಕ್ತೀನಿ, ಪತ್ರದಲ್ಲಿ ಹಾಕೋಕಾಗಲ್ಲ. ಸರಿ, ನಾನೂ ಬರೀತೀನಿ. ನಿನಗೋಸ್ಕರ ಒಂದು ಪೆನ್ನು ಕೊಂಡ್ಕೊಂಡೆ.

ತಿದ್ದುಪಡಿ ಓದಿದೆ. ನಿನ್ನ ಮೊದಲನೇ ವಾಕ್ಯ ಮುಗಿಯೋ ಹೊತ್ತಿಗೆ ಎರಡು ಜಾಹೀರಾತು ಬಂದು ಹೋಗತ್ತೆ. ಭಾನುವಾರ ಬೆಳಿಗ್ಗೆ ಜನ ಹಲ್ಲುಜ್ಜುತ್ತಾ ಟಿವಿ ನೋಡ್ತಾರೆ ಅಣ್ಣ. ಬಾಯಲ್ಲಿ ನೊರೆ ಇಟ್ಕೊಂಡು "ಪ್ರಮಾಣೀಕೃತ ಸಾಕ್ಷ್ಯಾಧಾರಗಳ ಅನುಪಸ್ಥಿತಿಯಲ್ಲಿ" ಅಂತೆಲ್ಲ ಯಾರು ಕೇಳ್ತಾರೆ?

ಸೂರ್ಯವೈದ್ಯರೇನು ನನಗೆ ಅತ್ತೆ ಮಗನಾ? ಚಾನೆಲ್ಲಿಗೆ ಅವರು ಬೇಕು, ಅಷ್ಟೆ. ಅವರು ಬಂದ ವಾರ ನೋಡೋರು ಎರಡರಷ್ಟಾಗ್ತಾರೆ. ನಮ್ಮ ಮುಖ್ಯಸ್ಥರಿಗೆ ನಿನ್ನ ಪತ್ರ ತೋರಿಸಿದೆ. "ನಿಮ್ಮಣ್ಣ ವಿಜ್ಞಾನಿನಾ? ಮೊದ್ಲೇ ಹೇಳೋದಲ್ವಾ? ಕರೀರಿ, ಎರಡೂ ಕಡೆ ಕೇಳಿಸೋಣ" ಅಂದ್ರು. ಬಾ, ಅವರ ಎದುರಿಗೇ ಕೂತು ಹೇಳು. ಧೈರ್ಯ ಇದ್ರೆ ಬಾ ಅನ್ನಲ್ಲ, ರಜೆ ಇದ್ರೆ ಬಾ ಅಂತೀನಿ. ಅವರದ್ದೇ ಒಂದು ಸೀಸೆ ನೀರು ಕಳಿಸ್ತಿದೀನಿ, ಪರೀಕ್ಷೆ ಮಾಡ್ಕೊಂಡೇ ಬಾ.

ಅಕ್ಕ ಆರಾಮಾಗಿದಾಳೆ. ಅವಳ ಹನಿ ಸೀಸೆ ಫ್ರಿಜ್ಜಿನ ಬಾಗಿಲಲ್ಲೇ ಇದೆ. ಮೊನ್ನೆ ಹೋದಾಗ ಕಣ್ಣಾರೆ ನೋಡಿದೆ. ಸಾಕಾ?

ನಿನ್ನ ತಂಗಿ
(ಲಗತ್ತು: ಏನೂ ಇಲ್ಲ)

*

ಮಾರ್ಚ್ 3

ಪ್ರಿಯ ತಂಗಿಗೆ,

ಬರುತ್ತೇನೆ. ಮೇಲಧಿಕಾರಿಗಳ ಅನುಮತಿ ಸಿಕ್ಕಿದೆ. ಅನುಮತಿಯ ಕೆಳಗೆ ಅವರು ಒಂದು ಸಾಲು ಸೇರಿಸಿದ್ದಾರೆ: ‘ನೀರಿನ ಬಗ್ಗೆ ಮಾತ್ರ. ರೋಗದ ಬಗ್ಗೆ ಇಲಾಖೆ ಮಾತನಾಡುವುದಿಲ್ಲ.’ ಅವರು ಬರೆಯದಿದ್ದರೂ ನಾನು ಹಾಗೆಯೇ ನಡೆದುಕೊಳ್ಳುತ್ತಿದ್ದೆ. ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಲಿಸುವ ಪಾಠವೇ ಅದು. ನಿನ್ನ ಉಪಕರಣ ಅಳೆಯದ್ದನ್ನು ನಿನ್ನ ಬಾಯಿ ಹೇಳಬಾರದು. ಆದುದರಿಂದ ಕಣ್ಣಿನ ವೈದ್ಯರೊಬ್ಬರನ್ನೂ ಕರೆಯಿಸು. ಕಣ್ಣಿನ ವಿಷಯವನ್ನು ಅವರು ಹೇಳಲಿ, ನೀರಿನ ವಿಷಯವನ್ನು ನಾನು ಹೇಳುತ್ತೇನೆ.

ಸೀಸೆ ತಲುಪಿತು. ಲೋಹ, ಲವಣ, ರೋಗಾಣು ಎಲ್ಲಕ್ಕೂ ಪರೀಕ್ಷಿಸಿದೆವು. ಅದು ನಿಮ್ಮೂರಿನ ನಲ್ಲಿಯ ನೀರು. ಜೀವಾಣು ವಿಭಾಗದ ನನ್ನ ಸಹೋದ್ಯೋಗಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿನಲ್ಲಿ ಅಲ್ಲ, ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಹೋಗ್ಬೇಡಿ ಸಾರ್. ಅವರು ನಿಮ್ಮನ್ನ ಮಾತಾಡ್ಸೋಕೆ ಕರೀತಿಲ್ಲ, ಕೂರ್ಸೋಕೆ ಕರೀತಿದಾರೆ" ಎಂದರು.

"ಕೂತರೆ ಏನು ನಷ್ಟ?"

"ನಿಮ್ಮ ಕುರ್ಚಿ ಪಕ್ಕದಲ್ಲಿ ಅವನ ಕುರ್ಚಿ ಹಾಕ್ತಾರಲ್ಲ, ಎರಡೂ ಒಂದೇ ಎತ್ತರ. ಅಲ್ಲಿಗೆ ಅವನು ಅರ್ಧ ಗೆದ್ದ ಹಾಗೆ."

ಅವರದು ಸ್ವಲ್ಪ ಉತ್ಪ್ರೇಕ್ಷೆಯ ಸ್ವಭಾವ. ನಾನು ಹೇಳಬೇಕಾದುದನ್ನು ಎಂಟು ಪುಟಗಳಲ್ಲಿ ಸಿದ್ಧಪಡಿಸಿಕೊಂಡಿದ್ದೇನೆ. ಬಂದಾಗ ಅಕ್ಕನ ಮನೆಯಲ್ಲಿ ಉಳಿಯುವ ಆಸೆಯಿತ್ತು. ಆದರೆ ಅಂದೇ ಸಂಜೆಯ ರೈಲಿಗೆ ಹಿಂದಿರುಗಬೇಕಾಗುತ್ತದೆ. ಅವಳಿಗೆ ತಿಳಿಸು.

ಇತಿ,
ನಿನ್ನ ಅಣ್ಣ

*

ಏಪ್ರಿಲ್ 9

ತಂಗಿಗೆ,

ಭಾನುವಾರದ ಪ್ರಸಾರವನ್ನು ಪ್ರಯೋಗಾಲಯದ ಊಟದ ಕೋಣೆಯಲ್ಲಿ ಎಲ್ಲರೂ ಸೇರಿ ನೋಡಿದೆವು. ರಜೆಯ ದಿನವಾದರೂ ನೋಡೋಣವೆಂದು ಕರೆದವನು ನಾನೇ.

ಮಾರ್ಚಿನಲ್ಲಿ ನಿಮ್ಮ ಸ್ಟುಡಿಯೋದಲ್ಲಿ ನಡೆದುದನ್ನು ನಿನಗೆ ನೆನಪಿಸಬೇಕಾಗಿಲ್ಲ. ಗಾಜಿನ ಆಚೆ ನೀನೇ ನಿಂತಿದ್ದೆ. ಆದರೂ ಬರೆಯುತ್ತೇನೆ. ಕಣ್ಣಿನ ವೈದ್ಯರು ಇಲ್ಲವೆಂಬ ಸಂಗತಿ ನನಗೆ ತಿಳಿದದ್ದು ಮುಖಕ್ಕೆ ಪುಡಿ ಹಚ್ಚುತ್ತಿದ್ದ ಹೆಂಗಸಿನಿಂದ. "ಡಾಕ್ಟ್ರಾ? ಯಾರೂ ಹೇಳಿಲ್ವಲ್ಲ. ಕಣ್ಣು ಮುಚ್ಚಿ ಸಾರ್" ಎಂದಳು. ಮೇಜಿನ ಮೇಲೆ ನೀಲಿ ಸೀಸೆಗಳನ್ನು ಸಾಲಾಗಿ ಜೋಡಿಸಿ ಹಿಂದಿನಿಂದ ದೀಪ ಬಿಟ್ಟಿದ್ದರು. ನನ್ನ ಎಂಟು ಪುಟಗಳನ್ನು, ಕಾಗದದ ಸದ್ದು ಮೈಕಿಗೆ ಬರುತ್ತದೆಂದು ಹೇಳಿ, ತೆಗೆದುಕೊಂಡರು. ಆಮೇಲೆ ನಿಮ್ಮ ನಿರೂಪಕಿ ಕೇಳಿದಳು.

"ಸರ್, ಒಂದೇ ಮಾತಲ್ಲಿ ಹೇಳಿ. ಈ ನೀರು ಕಣ್ಣಿಗೆ ಒಳ್ಳೇದಾ, ಅಲ್ವಾ?"

"ಅದು ನನ್ನ ಕ್ಷೇತ್ರವಲ್ಲ. ನೀರಿನ ಬಗ್ಗೆ ಮಾತ್ರ ನಾನು ಹೇಳಬಲ್ಲೆ."

"ಸರಿ, ನೀರಲ್ಲಿ ಏನಾದ್ರೂ ಕೆಟ್ಟದ್ದು ಸಿಕ್ತಾ?"

"ಪರೀಕ್ಷಿಸಿದ ಅಂಶಗಳಲ್ಲಿ ಹಾನಿಕಾರಕವಾದುದು ಯಾವುದೂ ಕಂಡುಬರಲಿಲ್ಲ. ಆದರೆ..."

ಆ ‘ಆದರೆ’ಯ ನಂತರ ನಾನು ಬಹಳ ಹೊತ್ತು ಮಾತನಾಡಿದೆ. ಹಾನಿ ಮಾಡದಿರುವುದು ಬೇರೆ, ಗುಣ ಮಾಡುವುದು ಬೇರೆ ಎಂದೆ. ಬಿಸಿಲು, ಗಾಜು, ಬಣ್ಣ, ಶಾಖ ಎಲ್ಲವನ್ನೂ ವಿವರಿಸಿದೆ. ಪ್ರಸಾರದಲ್ಲಿ ನನ್ನ ಮಾತು ‘ಕಂಡುಬರಲಿಲ್ಲ’ ಎಂಬಲ್ಲಿಗೆ ನಿಂತಿತು. ನಂತರ ಸೂರ್ಯವೈದ್ಯರು ನನ್ನ ಕೈ ಕುಲುಕುವ ದೃಶ್ಯ. ಅವರು ಕೈ ಕುಲುಕಿದ್ದು ನಾನು ಒಳಗೆ ಬಂದ ಕೂಡಲೇ, ಮಾತು ಆರಂಭವಾಗುವ ಮೊದಲು. ಕೆಳಗೆ ಹಳದಿ ಅಕ್ಷರದಲ್ಲಿ: ‘ವಿಜ್ಞಾನಿಯೂ ಒಪ್ಪಿದರು!’

ಜೀವಾಣು ವಿಭಾಗದ ಸಹೋದ್ಯೋಗಿ ಎದ್ದು ಹೋಗಿ ಟಿವಿ ಆರಿಸಿದರು.

ಇದನ್ನು ಕತ್ತರಿಸಿದವರು ಯಾರು? ಅವರ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ?

ಅಣ್ಣ

*

ಏಪ್ರಿಲ್ 20

ಅಣ್ಣಾ,

ಕತ್ತರಿಸಿದ್ದು ನಾನೇ. ಕ್ರಮ ಕೈಗೊಳ್ಳು.

ಬೈಯೋದಕ್ಕೆ ಮುಂಚೆ ಕೇಳು. ‘ಆದರೆ’ ಆದ್ಮೇಲೆ ನೀನು ಗಡಸು ನೀರು, ಮೆದು ನೀರು ಅಂತ ಶುರು ಮಾಡಿದೆ. ಆಮೇಲೆ ಬೆಳಕಿನ ತರಂಗ. ಆಮೇಲೆ "ಇದಕ್ಕೆ ಮೂರು ಅಪವಾದಗಳಿವೆ" ಅಂದೆ. ಕ್ಯಾಮೆರಾದವನು ಬಾಯಿ ಬಿಟ್ಟು ಆಕಳಿಸಿದ. ಸೂರ್ಯವೈದ್ಯರು ಮಾತ್ರ ಆಕಳಿಸಲಿಲ್ಲ, ನಿನ್ನನ್ನೇ ನೋಡ್ತಾ ತಲೆ ಆಡಿಸ್ತಾ ಕೂತಿದ್ರು. ಅವರಿಗೆ ಕೂರೋಕೆ ಬರತ್ತೆ. ಎಡಿಟಿಂಗ್ ಟೇಬಲ್ ಮುಂದೆ ಮುಖ್ಯಸ್ಥರು ನನ್ನ ಬೆನ್ನ ಹಿಂದೆ ನಿಂತು "ಇಷ್ಟು ಸಾಕು, ಇಲ್ಲೇ ನಿಲ್ಸಿ" ಅಂದ್ರು. ನಿಲ್ಸಿದೆ. ಮುಂದಿನ ತಿಂಗಳು ನನ್ನ ಕೆಲಸ ಇರತ್ತೋ ಇಲ್ವೋ ಅನ್ನೋದು ಅವರ ಒಂದು ಸಹಿ ಮೇಲಿದೆ. ನಮ್ಮ ಮನೆಯವರು, ನಿನ್ನ ಭಾವ, ಕೆಲಸ ಹೋಗಿ ಮನೇಲಿ ಕೂತು ಎರಡು ವರ್ಷ ಆಯ್ತು. ನಿನಗೆ ಇದೆಲ್ಲ ಗೊತ್ತಿದೆ, ಯಾವತ್ತೂ ಕೇಳಿಲ್ಲ.

ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ಅವಳು "ಒಳ್ಳೇದಾ, ಅಲ್ವಾ" ಅಂತ ಕೇಳಿದಳಲ್ಲ. "ಅಲ್ಲ" ಅನ್ನೋಕೆ ನಿನಗೇನು ಬಂದಿತ್ತು? ಅಂದಿದ್ರೆ ಅದನ್ನೂ ಕತ್ತರಿಸ್ತಿದ್ದೆನೋ ಏನೋ, ದೇವರಾಣೆ ನನಗೇ ಗೊತ್ತಿಲ್ಲ. ಆದ್ರೆ ನೀನು ಅನ್ನಲೇ ಇಲ್ವಲ್ಲ. ಕತ್ತರಿ ಹಾಕೋಕಾದ್ರೂ ಅಲ್ಲೊಂದು ಮಾತು ಇರಬೇಕಲ್ಲ ಅಣ್ಣ.

ಅಕ್ಕನಿಗೆ ಖುಷಿಯೋ ಖುಷಿ. ಬೇಕರೀಲಿ, ದಾರೀಲಿ, ಬ್ರೆಡ್ ಇಳಿಸೋ ಅಂಗಡೀಲಿ ಎಲ್ಲ "ಟಿವಿಲಿ ಬಂದಿದ್ದು ನನ್ನ ತಮ್ಮ" ಅಂತ ಹೇಳ್ಕೊಂಡು ಬಂದಿದಾಳೆ. ಕಣ್ಣುರಿ, ಕೆಂಪಾಗೋದು ಎಲ್ಲ ಕಡಿಮೆಯಾಗಿದೆಯಂತೆ. ಆ ಒಂದು ವಿಷಯಕ್ಕಾದ್ರೂ ಸಮಾಧಾನ ಮಾಡ್ಕೊ.

ತಂಗಿ

*

ಜೂನ್ 15

ತಂಗಿಗೆ,

ನಿನ್ನ ಪ್ರಶ್ನೆಗೆ ಉತ್ತರಿಸಲು ತಡವಾಯಿತು. ಅಳೆಯದ್ದನ್ನು ಹೇಳಬಾರದೆಂಬ ನಿಯಮ ಸರಿಯೆಂದೇ ನಾನು ಈಗಲೂ ಭಾವಿಸುತ್ತೇನೆ. ಅದನ್ನು ಎಲ್ಲರೂ ಪಾಲಿಸುವ ಕೋಣೆಯಲ್ಲಿ ಮಾತ್ರ ಅದು ನಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಯೋಚಿಸುತ್ತಿದ್ದೇನೆ.

ನಮ್ಮ ಪ್ರಯೋಗಾಲಯದ ಕಿಟಕಿಗೆ ಈಗ ಜನ ನೀಲಿ ಸೀಸೆ ಹಿಡಿದು ಬರುತ್ತಾರೆ. ಮೊನ್ನೆ ಒಬ್ಬ ಮುದುಕಿ ಸೀಸೆ ಕೊಟ್ಟು, "ಪವರ್ ಎಷ್ಟಿದೆ ನೋಡಿ ಹೇಳಪ್ಪಾ" ಎಂದರು. ಇದರಲ್ಲಿ ಪವರ್ ಎಂಬುದೇನೂ ಇಲ್ಲವೆಂದೆ. "ನಿನಗೇನು ಗೊತ್ತು, ನಿಮ್ಮ ಆಫೀಸಿನ ದೊಡ್ಡ ಸಾಹೇಬ್ರೇ ಟಿವಿಲಿ ಒಪ್ಪಿದಾರೆ" ಎಂದರು. ಆ ಸಾಹೇಬನು ನಾನೇ ಎಂದು ಅವರು ಗುರುತಿಸಲಿಲ್ಲ. ನಾನೂ ಹೇಳಲಿಲ್ಲ.

ಪತ್ರಿಕೆಯೊಂದಕ್ಕೆ ಲೇಖನ ಕಳುಹಿಸಿದೆ. ಸಂಪಾದಕರು ಅದನ್ನು ಓದುಗರ ಪತ್ರಗಳ ಮೂಲೆಗೆ ಇಳಿಸಿ, ಪದಬಂಧದ ಕೆಳಗೆ, ಅತಿ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಅದೇ ಹಾಳೆಯ ಎದುರು ಪುಟದಲ್ಲಿ ಬಿಸಿಲು ನೀರಿನ ಮೇಲೆ ಅರ್ಧ ಪುಟದ ವರದಿ, ಬಣ್ಣದ ಚಿತ್ರ ಸಹಿತ. ಸಂಪಾದಕರನ್ನು ಕೇಳಿದೆ. "ಅದು ಸುದ್ದಿ ಸಾರ್, ನಿಮ್ಮದು ಅಭಿಪ್ರಾಯ" ಎಂದರು.

ಆ ತುಣುಕನ್ನು ಕತ್ತರಿಸಿ ಅಕ್ಕನಿಗೆ ಅಂಚೆಯಲ್ಲಿ ಕಳುಹಿಸಿದ್ದೆ. ಉತ್ತರವಿಲ್ಲ. ನಿನ್ನ ಕಾರ್ಯಕ್ರಮವನ್ನು ಪತ್ರಿಕೆಯಲ್ಲಿ ಟೀಕಿಸಿದೆನೆಂದು ಅವಳಿಗೆ ಬೇಸರವಾಗಿರಬೇಕು. ಫೋನ್ ಮಾಡಿ, ಹನಿ ಹಾಕಿಕೊಳ್ಳುತ್ತಿದ್ದೀಯಾ ಎಂದು ಕೇಳಿದೆ. "ನನ್ನ ಕಣ್ಣು ನನಗೆ ಗೊತ್ತು ಕಣೋ. ಮೊದ್ಲು ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದಳು. ಬೇಸರವಿದ್ದಾಗ ಅವಳು ಮಾತನಾಡುವುದೇ ಹಾಗೆ. ಕಣ್ಣುರಿ ಕಡಿಮೆಯಾದದ್ದು ಸಂತೋಷ. ವೈದ್ಯರು ಹನಿಯನ್ನು ಬದಲಾಯಿಸಿರಬೇಕು. ಉರಿಯದ ಹೊಸ ಬಗೆಗಳು ಬಂದಿವೆಯೆಂದು ಓದಿದ್ದೇನೆ.

ಅಣ್ಣ

*

ಜುಲೈ 2

ಅಣ್ಣಾ,

ಅಕ್ಕನಿಗೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ. ನೀನು ಕಳಿಸಿದ ತುಣುಕು ಮೇಜಿನ ಮೇಲೇ ಇದೆ. "ಇರುವೆ ಸಾಲು ಇದ್ದ ಹಾಗಿದೆ, ಇದನ್ನ ಯಾರು ಓದ್ತಾರೆ" ಅಂದಳು. ನಿಜ ತಾನೆ?

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಲಸ ಉಳೀತು. ಒಂದು ವರ್ಷಕ್ಕೆ ಸಹಿ ಹಾಕಿದ್ರು. ನಗೋ ವಿಷಯ ಒಂದಿದೆ ಕೇಳು. ಅಕ್ಕ ಬೇಕರಿ ಗೇಟಿಗೆ ವ್ಯಾನ್ ಉಜ್ಜಿ ಎಡಗಡೆ ಕನ್ನಡಿ ಹಾರಿಸಿದಾಳೆ. ಹೊಸದು ಹಾಕ್ಸಿದ್ರೆ ಹದಿನೈದು ದಿನಕ್ಕೆ ಅದೂ ಹೋಯ್ತು. ಬೇಕರಿ ಯಜಮಾನ "ಅಮ್ಮಾ, ಗೇಟು ಅಲ್ಲಾಡಲ್ಲ, ವ್ಯಾನ್ ಅಲ್ಲಾಡತ್ತೆ" ಅಂದ್ರೆ ಇವಳು "ಗೇಟಿಗೆ ಎಡಗಡೆ ಇರೋ ಚಾಳಿ ಕೆಟ್ಟದ್ದು" ಅಂದಳಂತೆ. ಬೇಕರಿಯವರೆಲ್ಲ ನಕ್ಕೂ ನಕ್ಕೂ ಸಾಕಾದ್ರು.

ಇನ್ಮೇಲೆ ಸ್ವಲ್ಪ ದಿನ ಬರೆಯೋಕಾಗಲ್ಲ. ಹೊಸ ಸರಣಿ ಶುರುವಾಗ್ತಿದೆ, ಊರೂರು ಸುತ್ತಬೇಕು.

ತಂಗಿ

*

ಸೆಪ್ಟೆಂಬರ್ 14

ತಂಗಿಗೆ,

ಈ ಪತ್ರಕ್ಕಿಂತ ಮೊದಲು ನಾನು ನಿಮ್ಮೂರು ತಲುಪಿರುತ್ತೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನ ಫೋನು ಮಧ್ಯಾಹ್ನದಿಂದ ಆರಿದೆ.

ಇಂದು ಊಟದ ಹೊತ್ತಿನಲ್ಲಿ ಜೀವಾಣು ವಿಭಾಗದ ಸಹೋದ್ಯೋಗಿ ತಮ್ಮ ಫೋನಿನಲ್ಲಿ ನಿಮ್ಮ ಕಾರ್ಯಕ್ರಮದ ತುಣುಕೊಂದನ್ನು ಹಾಕಿ ನನ್ನ ಮುಂದಿಟ್ಟು, "ಇವರು ನಿಮ್ಮ ಅಕ್ಕ ಅಲ್ವಾ ಸಾರ್? ನಿಮ್ಮ ಮೇಜಿನ ಮೇಲಿರೋ ಫೋಟೋದಲ್ಲಿದಾರಲ್ಲ" ಎಂದರು. ಅಕ್ಕ ವ್ಯಾನಿನ ಸ್ಟೀರಿಂಗ್ ಹಿಡಿದು ಕುಳಿತು ನಗುತ್ತಿದ್ದಳು. ಕ್ಯಾಮೆರಾದ ಆಚೆಯಿಂದ ಕೇಳಿದ ಧ್ವನಿ ನಿನ್ನದು. "ಎಷ್ಟು ತಿಂಗಳಾಯ್ತು ಹನಿ ಬಿಟ್ಟು?" ಎಂದು ನೀನು ಕೇಳಿದೆ. "ಏಪ್ರಿಲಿಂದ ಮುಟ್ಟೇ ಇಲ್ಲ. ಮುಂಚೆ ಏನು ಉರಿ! ಈಗ ಕಣ್ಣು ತಣ್ಣಗಿದೆ. ಬ್ರೆಡ್ ಇಳಿಸೋಕೆ ಊರೆಲ್ಲ ಸುತ್ತುತೀನಿ" ಎಂದಳು ಅಕ್ಕ. ಉರಿಯುತ್ತಿದ್ದದ್ದು ಹನಿ. ಬಿಟ್ಟರೆ ಉರಿ ನಿಲ್ಲುತ್ತದೆ. ಇಷ್ಟನ್ನು ಏಪ್ರಿಲಿನಲ್ಲೇ ತಿಳಿಯದವನು ಪರೀಕ್ಷಕನೆಂದು ಸಂಬಳ ಪಡೆಯುತ್ತಿದ್ದೇನೆ.

ವ್ಯಾನಿಗೆ ಎಡಗಡೆ ಕನ್ನಡಿ ಇರಲಿಲ್ಲ. ಕ್ಯಾಮೆರಾದ ಆಚೆ ನಿಂತಿದ್ದ ನಿನಗೆ ಅದು ಕಂಡಿತೇ?

ಅಕ್ಕನಿಗೆ ಫೋನ್ ಮಾಡಿ, ವ್ಯಾನಿನ ಬೀಗದ ಕೈಯನ್ನು ಬೇಕರಿಯಲ್ಲಿ ಕೊಟ್ಟು ಮನೆಯಲ್ಲಿ ಕುಳಿತಿರಲು ಹೇಳಿದ್ದೇನೆ. "ಯಾಕೋ? ಏನಾಯ್ತೋ?" ಎಂದಳು. ಬಂದು ಹೇಳುತ್ತೇನೆ ಎಂದೆ.

ಅಣ್ಣ

*

ಅಕ್ಟೋಬರ್ 10

ತಂಗಿಗೆ,

ನಾನು ಬಂದಿದ್ದಾಗ ನೀನು ಚಿತ್ರೀಕರಣಕ್ಕೆ ಹೋಗಿದ್ದೆಯೆಂದು ಭಾವ ಹೇಳಿದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ಹೆಚ್ಚು ಕೇಳಲಿಲ್ಲ.

ಅಕ್ಕನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಪರೀಕ್ಷೆಯಿದೆ. ರೋಗಿ ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ಒಂದು ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಿಯಾದರೂ ಬೆಳಕು ಮಿನುಗಿದಾಗ ಕೈಯಲ್ಲಿರುವ ಗುಂಡಿಯನ್ನು ಒತ್ತಬೇಕು. ನಾನು ಪರದೆಯ ಈಚೆ ಕುಳಿತಿದ್ದೆ. ಮೊದಲು ಗುಂಡಿಯ ಸದ್ದು ಆಗಾಗ ಬರುತ್ತಿತ್ತು. ಆಮೇಲೆ ನಿಂತಿತು. ಮುಗಿಯಿತೆಂದು ನಾನು ಎದ್ದು ನಿಂತೆ. "ಕೂತ್ಕೊಳ್ಳಿ ಸರ್, ಇನ್ನೂ ನಡೀತಿದೆ" ಎಂದಳು ಪರೀಕ್ಷೆ ಮಾಡುವ ಹುಡುಗಿ. ಬೆಳಕುಗಳು ಮಿನುಗುತ್ತಲೇ ಇದ್ದವು. ಒಳಗಿನಿಂದ ಅಕ್ಕ, "ಏನಮ್ಮಾ, ಲೈಟು ಕೆಟ್ಟೋಯ್ತಾ?" ಎಂದು ಕೇಳಿದಳು.

ಎಡಗಣ್ಣಿನಲ್ಲಿ ನೆರಳು ಬೆಳಕಿನ ವ್ಯತ್ಯಾಸ ಮಾತ್ರ ಉಳಿದಿದೆ. ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು. ಹನಿಗಳನ್ನು ಮತ್ತೆ ಆರಂಭಿಸಿದ್ದಾರೆ; ಆ ಕಿಂಡಿಯನ್ನು ಉಳಿಸಿಕೊಳ್ಳಲು ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ವ್ಯಾನು ಓಡಿಸುವುದು ಇನ್ನಿಲ್ಲ. ವೈದ್ಯೆ ಕೋಪದಿಂದಲೇ ಕೇಳಿದರು: "ಹನಿ ಬಿಡೋಕೆ ಯಾರು ಹೇಳಿದ್ದು ನಿಮಗೆ?"

ಅಕ್ಕ ನನ್ನ ಕುರ್ಚಿಯ ಸದ್ದು ಬಂದ ಕಡೆಗೆ ತಿರುಗಿದಳು. ನಾನು ಕುಳಿತಿದ್ದದ್ದು ಅವಳ ಎಡಕ್ಕೆ.

"ಯಾರೂ ಹೇಳ್ಲಿಲ್ಲಮ್ಮ. ಅವನು ಟಿವಿಲಿ ಬಂದ ದಿನ ನಾನು ಕಾದಿದ್ದೆ. ಇದು ತಪ್ಪಾಗಿದ್ರೆ ನನ್ನ ತಮ್ಮ ಅಲ್ಲೇ ಹೇಳ್ತಾನೆ, ಸುಮ್ನೆ ಕೂರೋನಲ್ಲ ಅಂದ್ಕೊಂಡಿದ್ದೆ. ಅವನು ಬೇಡ ಅನ್ನಲಿಲ್ಲ."

ಆಮೇಲೆ ನನಗೇ ಸಮಾಧಾನ ಹೇಳುವವಳಂತೆ, "ನಿನ್ನದೇನು ತಪ್ಪು ಬಿಡು. ನಿನಗೆ ಗೊತ್ತಿಲ್ಲದ್ದನ್ನ ನೀನು ಯಾವತ್ತು ಹೇಳಿದೀಯ" ಎಂದಳು.

ನನಗೆ ಗೊತ್ತಿತ್ತು. ಕಣ್ಣಿನ ವೈದ್ಯನಲ್ಲದ ಯಾವ ಮನುಷ್ಯನಿಗೂ ಗೊತ್ತಿರಬಹುದಾದಷ್ಟು ಗೊತ್ತಿತ್ತು. ಫೆಬ್ರವರಿಯಲ್ಲಿ ಅದನ್ನು ನಿನಗೆ ಬರೆದೂ ಇದ್ದೆ. ದೀಪಗಳ ಮುಂದೆ, ಅವಳು ನೋಡುತ್ತಾಳೆಂದು ಗೊತ್ತಿದ್ದೂ, ಹೇಳಲಿಲ್ಲ.

ನಿನಗೂ ಗೊತ್ತಿತ್ತು. ಪ್ರಸಾರ ದೂರು ಮಂಡಳಿಗೆ ದೂರು ಸಲ್ಲಿಸಿದ್ದೇನೆ. ಅದರ ಒಂದು ಪ್ರತಿ ನಿನಗೂ ಬರುತ್ತದೆ.

ಅಣ್ಣ

*

ಅಕ್ಟೋಬರ್ 28

ಅಣ್ಣಾ,

ದೂರಿನ ಪ್ರತಿ ಬಂತು. ನನ್ನ ಹೆಸರನ್ನ ನೀನು ಬರೆದ ಅಕ್ಷರದಲ್ಲೇ ಓದಿದೆ. ಚಿಕ್ಕೋಳಿದ್ದಾಗ ನನ್ನ ಪುಸ್ತಕಗಳ ಮೇಲೆಲ್ಲ ನೀನೇ ಹೆಸರು ಬರೆದು ಕೊಡ್ತಿದ್ದೆ.

ನಾನು ಊರಲ್ಲೇ ಇದ್ದೆ. ನೀನು ಬಂದ ದಿನ ಒಳಗಿನ ಕೋಣೇಲಿ ಇದ್ದೆ. ನಿನ್ನ ಮುಖ ನೋಡೋಕಾಗಲಿಲ್ಲ.

ಅಕ್ಕ ಹನಿ ಬಿಟ್ಟಿದ್ದು ಮೇ ತಿಂಗಳಲ್ಲೇ ನನಗೆ ಗೊತ್ತಾಯ್ತು. "ಬಿಡಬೇಡ, ಎರಡನ್ನೂ ಹಾಕ್ಕೊ" ಅಂತ ಹೇಳಿದೆ. "ನೀನೇ ಟಿವಿಲಿ ಬೇಡ ಅಂತ ತೋರಿಸ್ತೀಯ, ಮನೇಲಿ ಬೇಕು ಅಂತೀಯ, ಯಾವುದನ್ನ ನಂಬಲಿ ಪುಟ್ಟೀ" ಅಂತ ನಕ್ಕಳು. ಆಗ ಹೇಳಬೇಕಿತ್ತು, ಟಿವಿಲಿ ಹೇಳೋದು ಸುಳ್ಳು ಅಂತ. ಹೇಳಿದ್ರೆ ಮಾರನೇ ದಿನ ಆ ಸ್ಟುಡಿಯೋಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಆಮೇಲೆ ಮುಖ್ಯಸ್ಥರು "ಮನೆಯವರದ್ದೇ ಒಂದು ಅನುಭವ ಇದ್ರೆ ಜನ ನಂಬ್ತಾರೆ" ಅಂದಾಗ ಅಕ್ಕನೇ "ನನ್ನದೇ ತೆಗಿಯೇ" ಅಂದಳು. ತೆಗೆದೆ. ಕನ್ನಡಿ ಇಲ್ಲದ್ದು ಕಂಡಿತ್ತಾ ಅಂತ ಕೇಳಿದೀಯ. ಕಂಡಿತ್ತು. ಫ್ರೇಮಿಂದ ಆಚೆ ಇರಲಿ ಅಂತ ಕ್ಯಾಮೆರಾದವನಿಗೆ ಹೇಳಿದ್ದೆ, ಅವನು ಮರೆತ.

ಎಲ್ಲ ಹೇಳಿದೀನಿ. ಈಗ ನನ್ನ ಮಾತು ಕೇಳು. ದೂರಿನಿಂದ ನನ್ನ ಹೆಸರು ತೆಗಿ. ಸೂರ್ಯವೈದ್ಯರದ್ದಿರಲಿ, ಚಾನೆಲ್ಲಿನದ್ದಿರಲಿ. ನನ್ನದು ಇದ್ರೆ ಮೊದಲು ಹೋಗೋದು ನಾನೇ. ಅವರು "ನಿರ್ಮಾಪಕಿಯ ತಪ್ಪು" ಅಂತ ಒಂದು ಸಾಲು ಬರೆದು ಕೈ ತೊಳ್ಕೋತಾರೆ. ಸೂರ್ಯವೈದ್ಯರನ್ನ ಆಗಲೇ ಸಂಜೆ ಕಾರ್ಯಕ್ರಮಕ್ಕೆ ಹಾಕಿದಾರೆ, ಈಗ ಕೂದಲು ಉದುರೋದಕ್ಕೆ ಹೇಳ್ತಿದಾರೆ.

ಇನ್ನೊಂದು. ಮುಖ್ಯಸ್ಥರು ಕಣ್ಣಿನ ಜಾಗೃತಿ ಅಂತ ಒಂದು ವಿಶೇಷ ಮಾಡೋಣ ಅಂದಿದಾರೆ. ನೀನು ಬಾ, ಈ ಸಲ ನಿನ್ನ ಮಾತು ಪೂರ್ತಿ ಹಾಕ್ತೀವಿ. ಅಕ್ಕನೂ ಬಂದು ತನ್ನ ಕಥೆ ಹೇಳಲಿ. ನೋಡಿದೋರು ಅಳ್ತಾರೆ, ಹನಿ ಬಿಟ್ಟೋರು ಮತ್ತೆ ಹಾಕ್ಕೋತಾರೆ. ನಿನಗೆ ಬೇಕಿದ್ದದ್ದೂ ಅದೇ ಅಲ್ವಾ? ದೂರು ವಾಪಸ್ ತಗೊಂಡ್ರೆ ಮಾತ್ರ ಅಂತ ಹೇಳಿದಾರೆ.

ಕೆಳಗಿನದು ಅಕ್ಕ ಹೇಳಿ ಬರೆಸಿದ್ದು. ಒಂದಕ್ಷರವೂ ನಾನು ತಿದ್ದಿಲ್ಲ.

"ಏನೋ, ಹೇಗಿದೀಯ. ನಾನು ಚೆನ್ನಾಗಿದೀನಿ. ಬೇಕರಿಯವರು ಬ್ರೆಡ್ ಕಟ್ಟೋ ಕೆಲಸ ಕೊಡ್ತೀನಿ ಅಂದಿದಾರೆ, ಕೈಗೆ ಕಣ್ಣು ಬೇಕಾಗಿಲ್ಲ. ಪುಟ್ಟಿ ಹೊಟ್ಟೆ ಮೇಲೆ ಹೊಡೀಬೇಡ ಕಣೋ. ಹೋಗಿದ್ದು ನನ್ನ ಕಣ್ಣು, ನನಗಿಲ್ಲದ ಸಿಟ್ಟು ನಿನಗ್ಯಾಕೆ? ನೀವಿಬ್ಬರೂ ಮಾತು ಬಿಟ್ರೆ ನನಗೆ ಇರೋ ಕಿಂಡೀಲಿ ನೋಡೋಕೆ ಏನಿದೆ?"

ತಂಗಿ

*

ನವೆಂಬರ್ 11

ಪ್ರಿಯ ತಂಗಿಗೆ,

ನಿನ್ನ ಪತ್ರವನ್ನೂ ಅಕ್ಕನ ಮಾತುಗಳನ್ನೂ ಓದಿದೆ. ಉತ್ತರ ಬರೆಯಲು ಕುಳಿತು ಒಂದು ವಾರ ಕಳೆಯಿತು. ಅವಳಿಗೆ ಸಿಟ್ಟಿಲ್ಲವೆಂಬುದು ಅವಳ ದೊಡ್ಡತನ. ಅದನ್ನು ನಾವಿಬ್ಬರೂ ಬಳಸಿಕೊಳ್ಳುವುದು ಬೇರೆ ವಿಷಯ. ಅವಳ ನಂಬಿಕೆಯನ್ನು ನಾವು ಈಗಾಗಲೇ ಒಂದು ಸಲ ಬಳಸಿಕೊಂಡಿದ್ದೇವೆ.

ಪ್ರಯೋಗಾಲಯದ ಕಿಟಕಿಗೆ ನೀಲಿ ಸೀಸೆ ತರುವವರು ನಿಂತಿಲ್ಲ. ಬಂದವರಿಗೆಲ್ಲ ನಾನೇ ಎದ್ದು ಹೋಗಿ ಹೇಳುತ್ತೇನೆ: "ಇದು ಬರೀ ನೀರು. ಇದರಿಂದ ಕಣ್ಣು ಗುಣವಾಗುವುದಿಲ್ಲ. ವೈದ್ಯರು ಕೊಟ್ಟ ಹನಿಯನ್ನು ಬಿಡಬೇಡಿ, ಬಿಟ್ಟರೆ ಕುರುಡಾಗುತ್ತೀರಿ." ಮೇಲಧಿಕಾರಿಗಳು ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಕೆಲವರು ಕೇಳಿ ಹೋಗುತ್ತಾರೆ. ಕೆಲವರು ನನ್ನನ್ನು ಗುರುತಿಸಿ, "ಟಿವಿಲಿ ಬೇರೆ ಥರ ಅಂದಿದ್ರಿ, ಈಗ ಯಾರು ದುಡ್ಡು ಕೊಟ್ರು?" ಎನ್ನುತ್ತಾರೆ. ನಿನ್ನೆ ಒಬ್ಬ ಹಾಗೆಂದು ನನ್ನ ಕೈಯಿಂದ ಸೀಸೆ ಕಿತ್ತುಕೊಂಡು ಹೋದ. ಅವನ ಹೆಂಡತಿ ಬಾಗಿಲ ಬಳಿ ನಿಂತಿದ್ದಳು, ಕಣ್ಣಿಗೆ ಕಪ್ಪು ಕನ್ನಡಕ. ಅವಳಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ತಿಳಿಯದು. ಅವಳ ಹಿಂದೆ ಬೀದಿಯವರೆಗೆ ಹೋದೆ, ಬಸ್ಸು ಹೊರಟಿತ್ತು.

ನಿಮ್ಮ ವಿಶೇಷ ಕಾರ್ಯಕ್ರಮದ ವಿಷಯ. ನೇರಪ್ರಸಾರವಾದರೆ, ಯಾವ ಷರತ್ತೂ ಇಲ್ಲದಿದ್ದರೆ, ಬರುತ್ತೇನೆ. ಬೇರೆ ರೀತಿಯಲ್ಲಾದರೆ ಬರುವುದಿಲ್ಲ. ಅಕ್ಕನನ್ನು ಕರೆಯಬೇಡ. ನೀನು ಕರೆದರೆ ಅವಳು ಬರುತ್ತಾಳೆ, ಅದಕ್ಕಾಗಿಯೇ ಕರೆಯಬೇಡ.

ದೂರಿನ ಪ್ರತಿಯನ್ನು ನೀನು ಪೂರ್ತಿ ಓದಿಲ್ಲವೆಂದು ತೋರುತ್ತದೆ. ಅದರಲ್ಲಿರುವುದು ನಾಲ್ಕು ಹೆಸರು. ಸೂರ್ಯವೈದ್ಯರು, ನಿಮ್ಮ ಮುಖ್ಯಸ್ಥರು, ನೀನು, ಮತ್ತು ಪರಿಣತನೆಂದು ಅಲ್ಲಿ ಕುಳಿತು, ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಎದ್ದು ಬಂದ ನಾನು. ನಿನ್ನ ಹೆಸರನ್ನು ತೆಗೆದರೆ ನನ್ನದನ್ನೂ ತೆಗೆಯಬೇಕು. ಆಮೇಲೆ ಅಕ್ಕನ ಕಣ್ಣು ತನ್ನಷ್ಟಕ್ಕೇ ಹೋಯಿತೆಂದಾಗುತ್ತದೆ. ನಿನ್ನ ಕೆಲಸ ಹೋಗಬಹುದೆಂದು ನನಗೆ ಗೊತ್ತು. ನನ್ನದೂ ಹೋಗಬಹುದು. ನೀನು ಈ ಪತ್ರದ ನಂತರ ನನಗೆ ಬರೆಯದಿರಬಹುದು, ಅದೂ ಗೊತ್ತು.

ದೂರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ.

ಇತಿ,
ನಿನ್ನ ಅಣ್ಣ